ಮೂಲಪಾಠದ ರಕ್ಷಣೆ ಮತ್ತು ಪರೀಕ್ಷೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಭೂದಾಖಲೆಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪೀಠಿಕೆ

ಇತಿಹಾಸದ ಅಭ್ಯಾಸಿಗೆ ಆಧಾರಗಳ ಶೋಧನೆ ಮೊದಲನೆಯ ಕರ್ತವ್ಯವಾದರೆ ಆಧಾರಗಳ ಪರೀಕ್ಷೆ ಎರಡನೆಯದು. ಶಾಸನ, ಕಡತ, ಬಖೈರು, ಕೈಫಿಯತ್ತು ಮೊದಲಾದವನ್ನು ಪರೀಕ್ಷಿಸುವ ಕ್ರಮವನ್ನು ನಮ್ಮ ಹಿರಿಯ ವಿದ್ವಾಂಸರು ಈಗಾಗಲೇ ನೆಲೆಗೊಳಿಸಿದ್ದಾರೆ. ಆದರೆ ಈಚಿನ ಎರಡು ಮೂರು ದಶಕಗಳ ಆಡಳಿತದ ದಾಖಲೆಗಳಲ್ಲಿ ಬಹುಭಾಗವು ಗಣಕಯಂತ್ರಗಳಲ್ಲಿ, ‘ಸಂಬಂಧಾತ್ಮಕ ದತ್ತಸಂಚಯ’ವೆಂಬ ಕೋಷ್ಟಕರೂಪದಲ್ಲಿ ಸೇರಿಕೊಂಡಿದೆ. ಮುಂದಿನ ತಲೆಮಾರಿನ ಸಂಶೋಧಕನು ಚಿತ್ರದುರ್ಗ ಜಿಲ್ಲೆಯ ಒಂದು ಗ್ರಾಮದ ಭೂಹಿಡುವಳಿಯ ಇತಿಹಾಸವನ್ನು ಬರೆಯಹೊರಟರೆ ಅವನಿಗೆ ದೊರೆಯುವ ಮುಖ್ಯ ಆಧಾರವು ಇಂಥ ದತ್ತಸಂಚಯವೇ ಆಗಿರುವುದು.

ದತ್ತಸಂಚಯವನ್ನು ಕಾಪಾಡುವ, ಕೇಳಿದವರಿಗೆ ಕೇಳಿದ ಸಾಲನ್ನು ತೆಗೆದುಕೊಡುವ ಯಂತ್ರವ್ಯವಸ್ಥೆಗೆ ಡೇಟಾಬೇಸ್ ಸರ್ವರ್ ಎಂದು ವ್ಯವಹಾರದ ಹೆಸರು. ಈ ಸರ್ವರ್ ಸಹ ಮನುಷ್ಯರು ಬರೆದ ಒಂದು ಪಾಠವೇ. ಅದರಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಅದನ್ನು ಅನೇಕರು, ಅನೇಕ ವರ್ಷಗಳ ಕಾಲ, ತಿದ್ದುತ್ತ ಬರುತ್ತಾರೆ. ಸೋರ್ಸ್ ಕೋಡ್ ಎಂದು ಪ್ರಸಿದ್ಧವಾದ ಈ ಮೂಲಪಾಠದಲ್ಲಿ ಒಂದು ದೋಷ ನುಸುಳಿದರೆ, ಅದನ್ನು ಆಶ್ರಯಿಸಿದ ದಾಖಲೆಗಳೆಲ್ಲ ಸಂದೇಹಕ್ಕೆ ಒಳಗಾಗುತ್ತವೆ. ಹೀಗಿರುವಾಗ ಈ ಮೂಲಪಾಠವನ್ನು ಯಾರು, ಹೇಗೆ ಕಾಪಾಡುತ್ತಾರೆ, ಹೇಗೆ ಪರೀಕ್ಷಿಸುತ್ತಾರೆ ಎಂಬುದು ಇತಿಹಾಸಜ್ಞನಿಗೂ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಲದಲ್ಲಿ ಬಹು ದೂರದ ಶಾಸನಗಳಿಂದ ನಾವು ಆರಂಭಿಸುತ್ತೇವೆ. ಪಾಠಪರೀಕ್ಷೆಯ ತತ್ತ್ವವು ಆ ಶಾಸನಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದೇ ಇದಕ್ಕೆ ಕಾರಣ.

2. ಒಂದು ಪಾಠ, ಮೂರು ಪ್ರತಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಇರುವ ಅಶೋಕನ ಲಘು ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಚಿನ್ನಹಗರಿ ನದಿಯ ಆಸುಪಾಸಿನಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ ಇರುವ ಈ ಮೂರು ಶಾಸನಗಳು ಒಂದೇ ಆಜ್ಞೆಯ ಮೂರು ಪ್ರತಿಗಳು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕುಶಲವನ್ನು ವಿಚಾರಿಸಿ, ದೇವಾನಾಂಪ್ರಿಯನ ಆಜ್ಞೆಯನ್ನು ಅವರಿಗೆ ತಿಳಿಸುವ ಕ್ರಮದಲ್ಲಿ ಇವು ಆರಂಭವಾಗುತ್ತವೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರು ಬರುತ್ತದೆ. ಶಾಸನವೆಲ್ಲ ಬ್ರಾಹ್ಮೀಲಿಪಿಯಲ್ಲಿದ್ದರೂ ಬ್ರಹ್ಮಗಿರಿಯಲ್ಲಿ ಆತನ ವೃತ್ತಿಯನ್ನು ಹೇಳುವ ಪದವು ಖರೋಷ್ಠಿಯಲ್ಲಿದೆ.

ಈ ಮೂರರಲ್ಲಿ ಬ್ರಹ್ಮಗಿರಿಯ ಪ್ರತಿಯು ಹೆಚ್ಚು ಸುರಕ್ಷಿತವಾಗಿದೆ; ಜಟಿಂಗ ರಾಮೇಶ್ವರದ್ದು ಬಹಳ ಸವೆದಿದೆ. ಸವೆದ ಪ್ರತಿಯಲ್ಲಿ ಲುಪ್ತವಾದ ಅಕ್ಷರಗಳನ್ನು ಮಿಕ್ಕ ಪ್ರತಿಗಳ ನೆರವಿನಿಂದ ತುಂಬಿಕೊಳ್ಳಲು ಸಾಧ್ಯವಾಗಿದೆ. ಪ್ರತಿಗಳು ಹೆಚ್ಚಿದಷ್ಟೂ ಪಾಠವು ಉಳಿಯುವ ಸಂಭವ ಹೆಚ್ಚು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮೂರು ಪ್ರತಿಗಳೂ ಒಂದೇ ಕಚೇರಿಯಿಂದ ಹೊರಟ ಒಂದೇ ಮಾತೃಕೆಯನ್ನು ಅನುಸರಿಸಿದವು. ಮಾತೃಕೆಯಲ್ಲಿ ಇಲ್ಲದ ಸಂಗತಿಯನ್ನು ಇವು ಮೂರೂ ಸೇರಿ ಹೇಳಲಾರವು. ಮಾತೃಕೆಯಲ್ಲಿ ತಪ್ಪಿದ್ದರೆ ಮೂರೂ ಅದೇ ತಪ್ಪನ್ನು ಹೇಳುತ್ತವೆ. ದೇವಾನಾಂಪ್ರಿಯನೆಂದರೆ ಯಾರು ಎಂಬುದಕ್ಕೆ ಮೊಳಕಾಲ್ಮೂರಿನ ಬಂಡೆಗಳಲ್ಲಿ ಉತ್ತರವಿಲ್ಲ. 1915ರಲ್ಲಿ ಈಗಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವು ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ಹೇಳಿತು. ಅದುವರೆಗೆ ಇತರ ಆಧಾರಗಳಿಂದ ವಿದ್ವಾಂಸರು ಮಾಡಿದ್ದ ಊಹೆಗೆ ಅದರಿಂದ ಪ್ರತ್ಯಕ್ಷ ಸಮರ್ಥನೆ ದೊರೆಯಿತು. ಆದುದರಿಂದ ಪ್ರತಿಗಳ ಪರಸ್ಪರ ಹೊಂದಿಕೆಯು ನಕಲು ನಿಷ್ಠೆಯಿಂದ ನಡೆದಿದೆ ಎಂಬುದನ್ನು ಮಾತ್ರ ಸಾಧಿಸುತ್ತದೆ. ವಿಷಯದ ಸತ್ಯತೆಗೆ ಬೇರೊಂದು ಕೈಯಿಂದ, ಬೇರೊಂದು ಸ್ಥಳದಿಂದ ಬಂದ ಸ್ವತಂತ್ರ ಸಾಕ್ಷಿ ಬೇಕು. ಈ ಎರಡನ್ನು ಬೇರ್ಪಡಿಸಿ ನೋಡುವುದು ಮುಂದಿನ ವಿವೇಚನೆಗೆಲ್ಲ ಆಧಾರ.

3. ಕಡತದಿಂದ ‘ಭೂಮಿ’ಯವರೆಗೆ

ಹಿಂದಿನ ಕಾಲದಲ್ಲಿ ಈ ಸೀಮೆಯ ಶಾನುಭೋಗರು ಲೆಕ್ಕಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಸಿದ್ಧಪಡಿಸಿದ ಕಡತದ ಮೇಲೆ ಬಳಪದಿಂದ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದಿತು. ಬಾಳಿಕೆಯ ದೃಷ್ಟಿಯಿಂದ ಕಡತವು ಶ್ರೇಷ್ಠವಾದ ಸಾಧನವೇ. ಆದರೆ ಅಳಿಸಿ ಬರೆದ ಸಾಲಿನಲ್ಲಿ ಮೊದಲು ಏನಿದ್ದಿತೆಂಬುದನ್ನು ತಿಳಿಯುವ ಉಪಾಯವಿಲ್ಲ.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಕ್ರಮವನ್ನು ಅನುಸರಿಸಿ ಕಂದಾಯ ಮೋಜಣಿಯು ಆರಂಭವಾದಂದಿನಿಂದ ಭೂದಾಖಲೆಗಳ ಸ್ವರೂಪವು ಬದಲಾಯಿತು. 33 ಅಡಿಯ ಸರಪಳಿಯಿಂದ ಅಳತೆಮಾಡಿ, ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಟಿಪ್ಪಣಿ, ಆಕಾರ್‌ಬಂದ್ ಮೊದಲಾದ ಕಾಗದಗಳಲ್ಲಿ ವಿಸ್ತೀರ್ಣವನ್ನೂ ಕಂದಾಯವನ್ನೂ ದಾಖಲುಮಾಡಲಾಯಿತು. ಗ್ರಾಮಾಧಿಕಾರಗಳನ್ನು ರದ್ದುಪಡಿಸುವ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡು ಸರ್ಕಾರಿ ನೌಕರರಾದ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆಯು ಹಕ್ಕುದಾಖಲೆಗೆ ಒಂದೇ ರೂಪವನ್ನು ಕೊಟ್ಟಿತು. ಪಹಣಿಯ 9ನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರು, 11ರಲ್ಲಿ ಋಣಭಾರ, 12ರಲ್ಲಿ ಸಾಗುವಳಿ ಮತ್ತು ಬೆಳೆ ಎಂಬ ಈ ವ್ಯವಸ್ಥೆಯು ರೈತರಿಗೆಲ್ಲ ಚಿರಪರಿಚಿತ. ಪಹಣಿಯಲ್ಲಿ ಬರೆದುದನ್ನು, ಅದಕ್ಕೆ ವಿರುದ್ಧವಾದುದು ಸಿದ್ಧವಾಗುವವರೆಗೆ, ನಿಜವೆಂದೇ ಭಾವಿಸತಕ್ಕದ್ದು ಎಂದು ಕಾಯಿದೆಯ 133ನೆಯ ಪ್ರಕರಣವು ವಿಧಿಸುತ್ತದೆ. ಚಳ್ಳಕೆರೆಯ ಕಡೆಯ ಒಬ್ಬ ಶೇಂಗಾ ಬೆಳೆಗಾರನು ಸಾಲಕ್ಕೆ ಹೋದರೂ, ಬೆಳೆಪರಿಹಾರಕ್ಕೆ ಹೋದರೂ, ನ್ಯಾಯಾಲಯಕ್ಕೆ ಹೋದರೂ ಆತನ ಪರವಾಗಿ ಮಾತನಾಡುವುದು ಈ ಒಂದು ಹಾಳೆಯೇ.

ಈ ಹಾಳೆಗಳನ್ನು ಗಣಕಕ್ಕೆ ಏರಿಸುವ ಪ್ರಯತ್ನವು 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ನಡೆಯಿತು. ಆ ಕಾಲದ ಪ್ರಯತ್ನಗಳು ಫಲಕಾರಿಯಾಗಲಿಲ್ಲ. ದಾಖಲೆಯನ್ನು ಗಣಕಕ್ಕೆ ಏರಿಸುವಷ್ಟರಲ್ಲಿ ತಾಲ್ಲೂಕಿನಲ್ಲಿ ಖಾತೆ ಬದಲಾವಣೆಗಳು ನಡೆದುಹೋಗುತ್ತಿದ್ದುವು. ಅವುಗಳನ್ನು ಆಗಿಂದಾಗ್ಗೆ ಸೇರಿಸಿಕೊಳ್ಳುವ ಏರ್ಪಾಡು ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿಯೇ ಗಣಕವನ್ನಿಟ್ಟು, ಪ್ರತಿಯೊಂದು ಬದಲಾವಣೆಯನ್ನೂ ಅಲ್ಲಿಯೇ ದಾಖಲು ಮಾಡುವ ಕ್ರಮವು ‘ಭೂಮಿ’ ಯೋಜನೆಯೊಡನೆ ಬಂದಿತು. 2000ದ ಸುಮಾರಿಗೆ ಆರಂಭವಾದ ಈ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳು ಗಣಕವನ್ನು ಸೇರಿದುವು. ಕಾರ್ಯಕ್ರಮವನ್ನು ರಚಿಸಿದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು. ದಾಖಲೆಗಳನ್ನು ಇಡಲು ಆರಂಭದಲ್ಲಿ ಬಳಸಿದುದು ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ಎಂಬ ಸಂಬಂಧಾತ್ಮಕ ದತ್ತಸಂಚಯ.

ಈ ಪರಿವರ್ತನೆಯ ಕಾಲದಲ್ಲಿ ನಡೆದ ಪರೀಕ್ಷೆಯು ನಮ್ಮ ವಿಷಯಕ್ಕೆ ಮುಖ್ಯವಾದುದು. ಗಣಕದಲ್ಲಿ ಸೇರಿಸಿದ ಪಹಣಿಗಳ ಮುದ್ರಿತ ಪ್ರತಿಯನ್ನು ತೆಗೆದು, ಗ್ರಾಮಲೆಕ್ಕಿಗರು ಅದನ್ನು ಕೈಬರಹದ ಪಹಣಿಯೊಡನೆ ತಾಳೆನೋಡಿ ದೃಢೀಕರಿಸಿದರು. ಇದು ಪ್ರತಿಯನ್ನು ಮಾತೃಕೆಯೊಡನೆ ಹೋಲಿಸುವ ಕಾರ್ಯ. ತರುವಾಯ ಕೈಬರಹದ ಪಹಣಿಗೆ ಮಾನ್ಯತೆಯು ರದ್ದಾಯಿತು. ಗಣಕದ ಪಹಣಿಯೊಂದೇ ಸಿಂಧುವೆನಿಸಿತು. ಲೆಕ್ಕಿಗನ ಮನೆಯ ಪೆಟ್ಟಿಗೆಯಿಂದ ದಾಖಲೆಯನ್ನು ಬಿಡಿಸಿಕೊಳ್ಳುವುದಕ್ಕೆ ಇದು ಅಗತ್ಯವಾದ ಕ್ರಮವೇ ಆಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂದಿನಿಂದ ಮೇಲೆ ನಡೆದ ಬದಲಾವಣೆಗಳಿಗೆ ಕೈಬರಹದ ಪಹಣಿಯು ಸಾಕ್ಷಿಯಾಗಿ ಉಳಿಯಲಿಲ್ಲ. ದಾಖಲೆಯ ನಂಬಿಕೆಯು ಗಣಕದ ಮೇಲೆ, ಎಂದರೆ ಅದರ ಮೂಲಪಾಠದ ಮೇಲೆ, ಬಂದು ನಿಂತಿತು.

4. ಸರ್ವರಿನ ಮೂಲಪಾಠ

ಸಂಬಂಧಾತ್ಮಕ ದತ್ತಸಂಚಯದ ಕಲ್ಪನೆಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಒಂದು ಪ್ರಬಂಧದ ಮೂಲಕ ಪ್ರಕಟಿಸಿದರು. ದತ್ತಾಂಶಗಳನ್ನೆಲ್ಲ ಕೋಷ್ಟಕಗಳಲ್ಲಿಟ್ಟು, ಒಂದು ಕೋಷ್ಟಕಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಸಮಾನವಾದ ಅಂಕಣಗಳ ಮೂಲಕವೇ ತಿಳಿಯಬೇಕೆಂಬುದು ಅದರ ಸಾರಾಂಶ. ಸರ್ವೆ ನಂಬರಿನ ಮೂಲಕ ಪಹಣಿಯನ್ನೂ ಆಕಾರ್‌ಬಂದನ್ನೂ ಕೂಡಿಸಿ ಓದುತ್ತಿದ್ದ ಶಾನುಭೋಗನಿಗೆ ಈ ತತ್ತ್ವವು ಅಪರಿಚಿತವಲ್ಲ.

ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರು 1970ರ ದಶಕದಲ್ಲಿ ಇಂಗ್ರೆಸ್ ಎಂಬ ಸರ್ವರನ್ನು ನಿರ್ಮಿಸಿದರು. ಅಲ್ಲಿ ಕೆಲಸಮಾಡಿದ್ದ ರಾಬರ್ಟ್ ಎಪ್‌ಸ್ಟೈನ್ ಅವರು ಮುಂದೆ ಸೈಬೇಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಹುಟ್ಟಿದುದು ಸೈಬೇಸಿನ ಮೂಲಪಾಠದಿಂದ. ಅತ್ತ ಸ್ಟೋನ್‌ಬ್ರೇಕರ್ ಅವರೇ 1986ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೊಸ ಪ್ರಯತ್ನವನ್ನು ಕೈಗೊಂಡರು. 1996ರಲ್ಲಿ ಅದು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಹೆಸರಿನಿಂದ ಸ್ವಯಂಸೇವಕರ ಕೈಗೆ ಬಂದು, ಯಾರು ಬೇಕಾದರೂ ಓದಬಹುದಾದ ಮುಕ್ತ ಮೂಲಪಾಠವಾಗಿ ಬೆಳೆಯುತ್ತಿದೆ. ಹೀಗೆ ಚಳ್ಳಕೆರೆಯ ಪಹಣಿಯನ್ನು ಮೊದಲು ಕಾಯ್ದ ಸರ್ವರಿಗೂ ಈ ಮುಕ್ತ ಸರ್ವರಿಗೂ ಒಂದೇ ಗುರುಪರಂಪರೆಯುಂಟು. ಮೊದಲನೆಯದರ ಮೂಲಪಾಠವು ಮಾಲೀಕರ ಹೊರತು ಇತರರ ಅವಲೋಕನೆಗೆ ದೊರೆಯುವುದಿಲ್ಲವಾಗಿ, ರಕ್ಷಣೆ ಮತ್ತು ಪರೀಕ್ಷೆಗಳ ಕ್ರಮವನ್ನು ಎರಡನೆಯದರಲ್ಲಿ ನೋಡುವುದು ಅನಿವಾರ್ಯ.

ರಕ್ಷಣೆಯ ಕ್ರಮವು ಹೀಗಿದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಮೂಲಪಾಠದಲ್ಲಿ 1996ರ ಜುಲೈಯಿಂದ ಇಂದಿನವರೆಗೆ ನಡೆದ ಪ್ರತಿಯೊಂದು ತಿದ್ದುಪಾಟೂ ದಿನಾಂಕ, ತಿದ್ದಿದವರ ಹೆಸರು, ಕಾರಣಗಳ ಸಹಿತ ದಾಖಲಾಗಿದೆ. ಯಾವ ಸಾಲನ್ನೇ ಆಗಲಿ ತೋರಿಸಿ, ಇದನ್ನು ಯಾರು ಎಂದು ಬರೆದರು, ಇದರ ಹಿಂದೆ ಇಲ್ಲಿ ಏನಿದ್ದಿತು ಎಂದು ಕೇಳಿದರೆ ಉತ್ತರ ದೊರೆಯುತ್ತದೆ. ತಿದ್ದುಪಾಟನ್ನು ಸೂಚಿಸುವವರು ಅನೇಕರು. ಅದನ್ನು ಮೂಲಪಾಠಕ್ಕೆ ಸೇರಿಸುವ ಅಧಿಕಾರವಿರುವವರು ಕೆಲವರೇ. ಸೂಚನೆಯನ್ನು ಬೇರೊಬ್ಬರು ಓದಿ ವಿಮರ್ಶಿಸಿದ ಮೇಲೆ ಸೇರಿಸುವುದು ಸಂಪ್ರದಾಯ. ಕಡತದಲ್ಲಿ ಅಳಿಸಿ ಬರೆಯುವ ಪದ್ಧತಿಗೆ ಇದು ತೀರ ವ್ಯತಿರಿಕ್ತವಾದುದು.

ಇನ್ನು ಪರೀಕ್ಷೆ. ತಿದ್ದುಪಾಟು ಆದಾಗಲೆಲ್ಲ ಸರ್ವರಿಗೆ ನೂರಾರು ಪ್ರಶ್ನಾವಳಿಗಳನ್ನು ಒಡ್ಡಲಾಗುತ್ತದೆ. ಪ್ರತಿ ಪ್ರಶ್ನೆಗೂ ಬರಬೇಕಾದ ಉತ್ತರವನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟಿರುತ್ತಾರೆ. ಬಂದ ಉತ್ತರವನ್ನು ಇದರೊಡನೆ ಅಕ್ಷರಶಃ ಹೋಲಿಸಿ, ಭೇದವಿದ್ದರೆ ಅದನ್ನು ಬೇರೆಯಾಗಿ ಬರೆದು ತೋರಿಸಲಾಗುತ್ತದೆ. ಮೈಎಸ್‌ಕ್ಯೂಎಲ್ ಮೊದಲಾದ ಇತರ ಸರ್ವರುಗಳಲ್ಲಿಯೂ ಕ್ರಮವು ಇದೇ. ಎಸ್‌ಕ್ಯೂಲೈಟ್ ಎಂಬ ಚಿಕ್ಕ ದತ್ತಸಂಚಯದಲ್ಲಂತೂ ಪರೀಕ್ಷೆಗಾಗಿ ಬರೆದ ಪಾಠವು ಮೂಲಪಾಠದ ನೂರಾರು ಪಟ್ಟು ಬೆಳೆದಿದೆ. ಪಾಠಭೇದ ಕಂಡೊಡನೆ ಹೊಸ ಪಾಠವೇ ತಪ್ಪೆಂದು ಹೇಳಲಾಗುವುದಿಲ್ಲ. ಬರೆದಿಟ್ಟ ಉತ್ತರವೇ ತಪ್ಪಾಗಿದ್ದು ಹೊಸ ಉತ್ತರ ಸರಿಯಿರುವುದೂ ಉಂಟು. ಅದನ್ನು ನಿರ್ಣಯಿಸಬೇಕಾದವನು ವಿಷಯಜ್ಞನಾದ ಮನುಷ್ಯನೇ. ಗ್ರಂಥಸಂಪಾದಕನ ಕೆಲಸವೂ ಇದಕ್ಕಿಂತ ಭಿನ್ನವಾದುದಲ್ಲ.

ನಮ್ಮ ಕಂದಾಯದ ಲೆಕ್ಕದಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 40 ಗುಂಟೆಗೆ ಒಂದು ಎಕರೆ. ಒಂದು ಸರ್ವೆ ನಂಬರಿನಲ್ಲಿ 3 ಎಕರೆ 25 ಗುಂಟೆಯ ಒಂದು ಹಿಸ್ಸೆ, 35 ಗುಂಟೆಯ ಮತ್ತೊಂದು ಹಿಸ್ಸೆ ಇವೆಯೆಂದು ಇಟ್ಟುಕೊಂಡರೆ ಒಟ್ಟು 4 ಎಕರೆ 20 ಗುಂಟೆಯಾಗಬೇಕು. ಬಿಂದುವಿನ ಆಚೆ ಗುಂಟೆಯನ್ನು ಬರೆದು ದಶಮಾಂಶದಂತೆ ಕೂಡಿದ ಕಾರ್ಯಕ್ರಮವು 3.60 ಎಂದು ಹೇಳುತ್ತದೆ. 3 ಎಕರೆ 10 ಗುಂಟೆಗೆ 1 ಎಕರೆ 20 ಗುಂಟೆಯನ್ನು ಕೂಡಿದರೆ ಎರಡು ಕ್ರಮಗಳಲ್ಲಿಯೂ 4.30 ಎಂದೇ ಬರುವುದು. ಅಂಥ ಉದಾಹರಣೆಗಳಿಂದ ಮಾತ್ರ ಪರೀಕ್ಷಿಸಿದ್ದರೆ ದೋಷವು ಅಡಗಿಯೇ ಉಳಿಯುವುದು. ದೋಷವಿರಬಹುದಾದ ಸ್ಥಳವನ್ನು ಊಹಿಸಿ ಅಲ್ಲಿಗೇ ಪ್ರಶ್ನೆಯನ್ನು ಗುರಿಯಿಡುವುದರಲ್ಲಿ ಪರೀಕ್ಷಕನ ಜಾಣ್ಮೆಯಿದೆ. ಇಂಥ ಪ್ರಶ್ನೆಯನ್ನು ಕೇಳಬಲ್ಲವನು ಗುಂಟೆಯ ಲೆಕ್ಕವನ್ನು ಬಲ್ಲವನೇ ಹೊರತು ಯಂತ್ರವನ್ನು ಮಾತ್ರ ಬಲ್ಲವನಲ್ಲ.

ಪ್ರತಿಗೂ ಸ್ವತಂತ್ರ ಸಾಕ್ಷಿಗೂ ಇರುವ ಭೇದವನ್ನು ಸರ್ವರಿನ ಪೋಷಕರೂ ಕಂಡುಕೊಂಡಿದ್ದಾರೆ. ಒಂದೇ ಯಂತ್ರದಲ್ಲಿ ನೂರು ಸಲ ನಡೆಸಿದ ಪರೀಕ್ಷೆಯು ನೂರು ಸಾಕ್ಷಿಗಳಾಗುವುದಿಲ್ಲ. ಈ ಕಾರಣದಿಂದ 2004ರಲ್ಲಿ ಆಂಡ್ರ್ಯೂ ಡನ್‌ಸ್ಟನ್ ಅವರು ಬಿಲ್ಡ್‌ಫಾರ್ಮ್ ಎಂಬ ಏರ್ಪಾಡನ್ನು ಮಾಡಿದರು. ಲೋಕದ ನಾನಾ ಕಡೆಗಳಲ್ಲಿ ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳಲ್ಲಿ ಮೂಲಪಾಠದ ಹೊಸ ಪ್ರತಿಯನ್ನು ತೆಗೆದುಕೊಂಡು, ಸಿದ್ಧಪಡಿಸಿ, ಪರೀಕ್ಷಿಸಿ ಫಲಿತಾಂಶವನ್ನು ಒಂದು ಕಡೆಗೆ ಕಳುಹಿಸುತ್ತಾರೆ. ಯಂತ್ರದ ಜಾತಿ, ಕಾರ್ಯಾಚರಣೆಯ ವ್ಯವಸ್ಥೆ, ಕಂಪೈಲರ್ ಇವೆಲ್ಲ ಬೇರೆ ಬೇರೆ. ಈ ಯಂತ್ರಗಳಿಗೆ ಪ್ರಾಣಿಗಳ ಹೆಸರನ್ನಿಡುವುದು ವಾಡಿಕೆ. ಒಂದು ಜಾತಿಯ ಯಂತ್ರದಲ್ಲಿ ಕಾಣದ ದೋಷವು ಮತ್ತೊಂದರಲ್ಲಿ ಕಂಡುಬಂದ ಸಂದರ್ಭಗಳು ಅನೇಕ. ಬ್ರಹ್ಮಗಿರಿಯ ಪಾಠಕ್ಕೆ ಮಸ್ಕಿಯು ಮಾಡಿದ ಉಪಕಾರವನ್ನು ಇಲ್ಲಿ ಈ ನಾನಾ ಜಾತಿಯ ಯಂತ್ರಗಳು ಮಾಡುತ್ತವೆ.

ಇಷ್ಟೆಲ್ಲ ಇದ್ದರೂ ಪರೀಕ್ಷೆಯ ಕಣ್ಣಿಗೆ ಬೀಳದೆ ಒಂದು ದೋಷವು ದೀರ್ಘಕಾಲ ಉಳಿದಿದ್ದಿತು. ಸರ್ವರ್ ತನ್ನ ಸಾಲುಗಳನ್ನು ತಟ್ಟೆಯ ಮೇಲೆ ಬರೆಯುವ ಕೆಲಸವನ್ನು ಯಂತ್ರದ ಕಾರ್ಯಾಚರಣೆಯ ವ್ಯವಸ್ಥೆಗೆ ಒಪ್ಪಿಸಿ, ಅದು ‘ಬರೆದಾಯಿತು’ ಎಂದರೆ ನಂಬುತ್ತದೆ. ಒಮ್ಮೆ ಬರೆಯುವುದು ವಿಫಲವಾದರೆ ಮತ್ತೆ ಕೇಳಿದಾಗ ಅದು ಪುನಃ ಬರೆಯಲು ಯತ್ನಿಸುವುದೆಂದು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಭಾವಿಸಿದ್ದಿತು. ಲಿನಕ್ಸ್ ವ್ಯವಸ್ಥೆಯು ವೈಫಲ್ಯವನ್ನು ಒಂದು ಸಲ ಹೇಳಿ, ಎರಡನೆಯ ಸಲ ಕೇಳಿದಾಗ, ಬರೆಯದ ಪುಟವನ್ನೇ ಬರೆದುದಾಗಿ ಒಪ್ಪಿಕೊಳ್ಳುವ ಸಂಭವವಿದೆಯೆಂಬುದು 2018ರಲ್ಲಿ ಬಯಲಾಯಿತು. 2019ರ ಆರಂಭದಲ್ಲಿ ಹೊರಬಂದ ತಿದ್ದುಪಾಟಿನ ಪ್ರಕಾರ, ಇಂಥ ವೈಫಲ್ಯ ಕಂಡರೆ ಸರ್ವರ್ ಕೂಡಲೇ ತನ್ನ ಕೆಲಸವನ್ನು ನಿಲ್ಲಿಸಿ, ಮೊದಲೇ ಬರೆದಿಟ್ಟ ದಿನವಹಿಯ ಆಧಾರದಿಂದ ದಾಖಲೆಯನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ದಿನವಹಿಯನ್ನು ಮೊದಲು ಬರೆದು ಖಾತೆಪುಸ್ತಕವನ್ನು ಅನಂತರ ತಿದ್ದುವ ನಮ್ಮ ವರ್ತಕರ ಪದ್ಧತಿಯನ್ನು ಬಲ್ಲವರಿಗೆ ಈ ಉಪಾಯದ ಔಚಿತ್ಯವು ಸುಲಭವಾಗಿ ಮನಗಾಣುವುದು.

ಇತಿಹಾಸಜ್ಞನು ವಿಶೇಷವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಮತ್ತೊಂದು ಸಂಗತಿಯಿದೆ. ಬರ್ಕಲಿಯ ಪೋಸ್ಟ್‌ಗ್ರೆಸ್‌ನಲ್ಲಿ ಹಳೆಯ ಸಾಲನ್ನು ಅಳಿಸದೆ ಉಳಿಸಿ, ಇಂಥ ದಿನದಂದು ದಾಖಲೆ ಹೇಗಿದ್ದಿತೆಂದು ಕೇಳುವ ಸೌಕರ್ಯವಿದ್ದಿತು. ಮುಂದೆ 1990ರ ದಶಕದಲ್ಲಿಯೇ ಅದನ್ನು ಕೈಬಿಡಲಾಯಿತು. ಇಂದಿನ ಸರ್ವರ್ ಹಳೆಯ ಸಾಲನ್ನು ಸ್ವಲ್ಪ ಕಾಲ ಮಾತ್ರ ಇಟ್ಟುಕೊಂಡು, ಯಾರಿಗೂ ಬೇಡವಾದ ಮೇಲೆ ಗುಡಿಸಿಹಾಕುತ್ತದೆ. ಮೂಲಪಾಠದ ಚರಿತ್ರೆಯನ್ನು ಒಂದಕ್ಷರವೂ ಬಿಡದೆ ಕಾಪಾಡುವ ಜನರೇ ದತ್ತಾಂಶದ ಚರಿತ್ರೆಯನ್ನು ಕಾಪಾಡುವ ಹೊಣೆಯನ್ನು ಬಳಕೆದಾರನಿಗೆ ಬಿಟ್ಟಿದ್ದಾರೆ. ಬಳಕೆದಾರನೆಂದರೆ ಇಲ್ಲಿ ಕಂದಾಯ ಇಲಾಖೆ. ಆದುದರಿಂದ ಹಳೆಯ ಸಾಲು ಉಳಿಯಬೇಕಾದರೆ ಅದನ್ನು ಉಳಿಸುವಂತೆ ಇಲಾಖೆಯ ಕಾರ್ಯಕ್ರಮವನ್ನೇ ರಚಿಸಿರಬೇಕು.

5. ಊರ ಹೆಸರೇ ಒಂದು ಪರೀಕ್ಷೆ

ಸರ್ವರಿನ ಮೂಲಪಾಠವನ್ನು ಬರೆದವರಲ್ಲಿ ಬಹುಮಂದಿ ಕನ್ನಡವನ್ನು ಅರಿಯದವರು. ಆದುದರಿಂದ ಕನ್ನಡದ ದಾಖಲೆಗಳನ್ನು ಇಡುವಾಗ ಬರುವ ತೊಡಕುಗಳನ್ನು ಪರೀಕ್ಷಿಸುವ ಹೊಣೆ ಕನ್ನಡಿಗರದೇ. ಇದಕ್ಕೆ ಮೊಳಕಾಲ್ಮೂರು ಎಂಬ ಹೆಸರೇ ಒಳ್ಳೆಯ ಉದಾಹರಣೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ‘ಮೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಎರಡು ವಿಧವಾಗಿ ಬರೆಯಲು ಅವಕಾಶವಿದೆ. ಒಕಾರದ ಒಂದೇ ಸಂಕೇತವನ್ನು ಬಳಸುವುದು ಒಂದು ವಿಧ. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದು ಇಡುವುದು ಮತ್ತೊಂದು. ಎರಡೂ ತತ್ತ್ವತಃ ಸಮಾನವೆಂದು ಯೂನಿಕೋಡಿನ ವಿಧಿ. ಕಣ್ಣಿಗೂ ಎರಡೂ ಒಂದೇ. ಆದರೆ ಸಂಕೇತಗಳನ್ನು ಮಾತ್ರ ಹೋಲಿಸುವ ಸರ್ವರಿಗೆ ಅವು ಎರಡು ಬೇರೆ ಊರುಗಳು. ಒಂದು ವಿಧದಲ್ಲಿ ಬರೆದಿಟ್ಟ ಮೊಳಕಾಲ್ಮೂರನ್ನು ಮತ್ತೊಂದು ವಿಧದಲ್ಲಿ ಬರೆದು ಹುಡುಕಿದರೆ ‘ಇಲ್ಲ’ವೆಂಬ ಉತ್ತರ ಬರುವುದು. ಬರಹವನ್ನು ಒಂದೇ ವಿಧಕ್ಕೆ ತಂದುಕೊಳ್ಳುವ ಸೌಕರ್ಯವು ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ ಸೇರಿದುದು 2020ರ 13ನೆಯ ಆವೃತ್ತಿಯಲ್ಲಿ.

ಎರಡನೆಯ ತೊಡಕು ಅಕಾರಾದಿಕ್ರಮಕ್ಕೆ ಸಂಬಂಧಿಸಿದುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ತರುವಾಯ ಬರುತ್ತದೆ. ನಿಘಂಟುಗಳಲ್ಲಿಯೂ ಕ್ರಮವು ಇದೇ. ಯೂನಿಕೋಡಿನ ಸಂಕೇತಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮೊದಲೇ ಇದೆ. ಭಾರತೀಯ ಲಿಪಿಗಳನ್ನೆಲ್ಲ ಒಂದೇ ವಿನ್ಯಾಸದಲ್ಲಿ ಸಾಲುಗೂಡಿಸಿದ ‘ಇಸ್ಕಿ’ ಎಂಬ ಹಿಂದಿನ ವ್ಯವಸ್ಥೆಯನ್ನು ಯೂನಿಕೋಡ್ ಅನುಸರಿಸಿದುದೇ ಇದಕ್ಕೆ ಕಾರಣ. ಸಂಕೇತಕ್ರಮದಂತೆ ಜೋಡಿಸಿದರೆ ‘ಹಳೆಯ’ ಎಂಬುದು ‘ಹಸು’ವಿಗಿಂತ ಮೊದಲು ಬರುತ್ತದೆ, ನಿಘಂಟಿನಲ್ಲಿ ‘ಹಸು’ ಮೊದಲು. ಹೆಸರಿನಲ್ಲಿಯೇ ಳಕಾರವಿರುವ ಚಳ್ಳಕೆರೆ, ಮೊಳಕಾಲ್ಮೂರುಗಳಿಗೆ ಇದು ಅಲಕ್ಷ್ಯ ಮಾಡತಕ್ಕ ವಿಷಯವಲ್ಲ.

ಕ್ರಮದ ಪ್ರಶ್ನೆ ಸೌಂದರ್ಯಕ್ಕೆ ಮಾತ್ರ ಸಂಬಂಧಿಸಿದುದೆಂದು ಭಾವಿಸಬಾರದು. ಸರ್ವರ್ ಒಂದು ಹೆಸರನ್ನು ಬೇಗನೆ ಹುಡುಕಲು ಅಕಾರಾದಿಯಾಗಿ ಒಂದು ಸೂಚಿಯನ್ನು ಇಟ್ಟುಕೊಂಡಿರುತ್ತದೆ. ಅಕ್ಷರಕ್ರಮ ಯಾವುದೆಂಬುದನ್ನು ಅನೇಕ ವೇಳೆ ಅದು ಕಾರ್ಯಾಚರಣೆಯ ವ್ಯವಸ್ಥೆಯಿಂದ ಕೇಳಿ ತಿಳಿಯುತ್ತದೆ. 2018ರಲ್ಲಿ ಲಿನಕ್ಸಿನ ಜಿಲಿಬ್‌ಸಿ ಎಂಬ ಗ್ರಂಥಾಲಯದ 2.28ನೆಯ ಆವೃತ್ತಿಯು ಈ ಕ್ರಮವನ್ನು ವ್ಯಾಪಕವಾಗಿ ಬದಲಾಯಿಸಿತು. ಹಳೆಯ ಕ್ರಮದಲ್ಲಿ ಸೂಚಿಯನ್ನು ಕಟ್ಟಿಟ್ಟಿದ್ದವರು ವ್ಯವಸ್ಥೆಯನ್ನು ಮಾತ್ರ ಹೊಸದುಮಾಡಿದಾಗ, ಸರ್ವರ್ ಹೊಸ ಕ್ರಮದಂತೆ ಹಳೆಯ ಸೂಚಿಯಲ್ಲಿ ಹುಡುಕಿ, ಇದ್ದ ಸಾಲನ್ನೇ ಇಲ್ಲವೆನ್ನುವ ಪ್ರಮಾದ ಸಂಭವಿಸಿತು. ಸರ್ವರಿನ ಮೂಲಪಾಠದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ದತ್ತಾಂಶವೂ ಬದಲಾಗಿರಲಿಲ್ಲ, ಉತ್ತರ ಮಾತ್ರ ಬದಲಾಯಿತು. ಸೂಚಿಯನ್ನು ಹೊಸದಾಗಿ ಕಟ್ಟುವುದೇ ಇದಕ್ಕೆ ಪರಿಹಾರ. ಮೂಲಪಾಠವನ್ನು ಕಾಪಾಡುವುದೆಂದರೆ ಅದು ಆಶ್ರಯಿಸಿರುವ ಪರಿಸರದ ಚರಿತ್ರೆಯನ್ನೂ ಕಾಪಾಡುವುದು ಎಂಬುದು ಇದರಿಂದ ವಿದಿತವಾಗುತ್ತದೆ.

6. ಪರೀಕ್ಷೆಯ ಮಿತಿ

ಸರ್ವರ್ ಎಷ್ಟೇ ನಿರ್ದುಷ್ಟವಾಗಿರಲಿ, ತನಗೆ ಒಪ್ಪಿಸಿದುದನ್ನು ಒಪ್ಪಿಸಿದಂತೆ ಹಿಂದಿರುಗಿಸುವುದಷ್ಟೇ ಅದರ ಧರ್ಮ. ಒಪ್ಪಿಸಿದುದು ಸತ್ಯವೇ ಎಂಬುದಕ್ಕೆ ಸ್ವತಂತ್ರ ಸಾಕ್ಷಿ ಬೇಕೆಂದು ಮೇಲೆ ಹೇಳಿದೆವು. ನಮ್ಮ ಭೂದಾಖಲೆಗಳ ಮಟ್ಟಿಗೆ ಅಂಥ ಸಾಕ್ಷಿ ಇದೆ. ಪಹಣಿಯು ಕಂದಾಯ ಕಚೇರಿಯಲ್ಲಿ ಬೆಳೆದುಬಂದ ದಾಖಲೆ. ಆಕಾರ್‌ಬಂದ್ ಮೋಜಣಿದಾರನ ಅಳತೆಯಿಂದ ಹುಟ್ಟಿದ ದಾಖಲೆ. ಎರಡರಲ್ಲಿ ಬರೆದ ವಿಸ್ತೀರ್ಣವು ಹೊಂದಿಕೊಳ್ಳದಿರುವುದು ರಾಜ್ಯದ ಕಂದಾಯಾಡಳಿತದಲ್ಲಿ ಹಳೆಯ ಸಮಸ್ಯೆ. ಆ ಭೇದವನ್ನು ಗಣಕವು ಸೃಷ್ಟಿಸಲಿಲ್ಲ. ಆದರೆ ಕೈಬರಹದ ಕಾಲದಲ್ಲಿ ಒಂದೊಂದು ಸರ್ವೆ ನಂಬರಿಗೆ ಒಂದೊಂದು ಗಳಿಗೆ ಬೇಕಾಗಿದ್ದ ಹೋಲಿಕೆಯನ್ನು, ಎರಡು ಕೋಷ್ಟಕಗಳನ್ನು ಕೂಡಿಸುವ ಒಂದೇ ಪ್ರಶ್ನೆಯಿಂದ ಇಂದು ಇಡೀ ತಾಲ್ಲೂಕಿಗೆ ಮಾಡಬಹುದಾಗಿದೆ. ಸಂಬಂಧಾತ್ಮಕ ದತ್ತಸಂಚಯದ ನಿಜವಾದ ಪ್ರಯೋಜನವು ಇಲ್ಲಿ ಕಾಣುತ್ತದೆ.

ಯಾವ ಕೋಷ್ಟಕದಲ್ಲಿಯೂ ಸೇರದ ಸಂಗತಿಗಳನ್ನು ಮಾತ್ರ ಈ ಹೋಲಿಕೆಯೂ ತೋರಿಸಲಾರದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ವಿಷಯವನ್ನು ಇಲ್ಲಿ ಸ್ಮರಿಸಬಹುದು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯ ಪರಂಪರೆಯಿಂದ ಬಂದ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಗೋಸಂಪತ್ತಿಗೆ ಮೀಸಲಾದ ಹುಲ್ಲುಗಾವಲುಗಳಿವು. ಸರ್ಕಾರವು ಇವುಗಳಲ್ಲಿ ಸುಮಾರು 10,000 ಎಕರೆಯಷ್ಟನ್ನು ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಭಾಭಾ ಪರಮಾಣು ಸಂಶೋಧನ ಕೇಂದ್ರ, ಬಾಹ್ಯಾಕಾಶ ಸಂಶೋಧನ ಸಂಸ್ಥೆ ಮೊದಲಾದವುಗಳಿಗೆ ವಹಿಸಿಕೊಟ್ಟಾಗ, ಸುತ್ತಲಿನ ಗ್ರಾಮಗಳ ಕುರಿಗಾಹಿಗಳೂ ದನಗಾಹಿಗಳೂ ತಲೆತಲಾಂತರದಿಂದ ಅಲ್ಲಿ ಮೇಯಿಸಿಕೊಂಡು ಬಂದ ವಾಡಿಕೆಯನ್ನು ಮುಂದೊಡ್ಡಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಹೋಗಿ 2014ರಲ್ಲಿ ತೀರ್ಪಾಯಿತು. ವಿವಾದದ ಸಾಧಕಬಾಧಕಗಳು ಪ್ರಸ್ತುತ ಲೇಖನಕ್ಕೆ ಹೊರಗಾದುವು. ಪಹಣಿಯು ಸ್ವಾಧೀನದಾರನ ಹೆಸರಿಗೆ ಅಂಕಣವನ್ನಿಟ್ಟಿದೆ. ಋತುವಿಗೊಮ್ಮೆ ಬಂದು ಮೇಯಿಸಿಕೊಂಡು ಹೋಗುವವನ ವಾಡಿಕೆಗೆ ಅಂಕಣವಿಲ್ಲ. ಕೋಷ್ಟಕದ ವಿನ್ಯಾಸವೇ ಯಾರ ಮಾತು ದಾಖಲಾಗುವುದೆಂಬುದನ್ನು ಮುಂಚಿತವಾಗಿ ನಿರ್ಣಯಿಸಿಬಿಡುತ್ತದೆ ಎಂಬಷ್ಟನ್ನು ಮಾತ್ರ ಇಲ್ಲಿ ಹೇಳಬಯಸುತ್ತೇವೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಕರ್ತವ್ಯಗಳು ಫಲಿಸುತ್ತವೆ. ಮೊದಲನೆಯದಾಗಿ, ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಕೈಬರಹದ ಪುಸ್ತಕಗಳನ್ನು ಛಾಯಾಪ್ರತಿ ತೆಗೆದ ಮೇಲೆಯೂ ಉಳಿಸಿಕೊಳ್ಳಬೇಕು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಕಾಗದಗಳನ್ನು ಗಣಕಕ್ಕೆ ಏರಿಸುವ ಕಾರ್ಯವು ನಡೆದಿರುವುದು ಸ್ವಾಗತಾರ್ಹ. ಆದರೆ ಛಾಯಾಪ್ರತಿಯು ಮಾತೃಕೆಯ ಪ್ರತಿ ಮಾತ್ರ; ಶಾಯಿಯ ಭೇದ, ತಿದ್ದಿದ ಗುರುತು, ಅಂಟಿಸಿದ ಚೀಟಿ ಇವೆಲ್ಲ ಮೂಲದಲ್ಲಿಯೇ ಪರೀಕ್ಷಿಸತಕ್ಕವು.

ಎರಡನೆಯದಾಗಿ, ದತ್ತಾಂಶವನ್ನು ಅಭಿಲೇಖಾಲಯಕ್ಕೆ ಒಪ್ಪಿಸುವಾಗ, ಅದನ್ನು ಯಾವ ಸರ್ವರಿನ ಯಾವ ಆವೃತ್ತಿ ಕಾಯ್ದಿತು, ಯಾವ ಅಕ್ಷರಕ್ರಮದಲ್ಲಿ ಜೋಡಿಸಲಾಗಿದ್ದಿತು, ಕಾರ್ಯಕ್ರಮದಲ್ಲಿ ಯಾವ ಯಾವ ತಿದ್ದುಪಾಟು ಎಂದೆಂದು ಆಯಿತು ಎಂಬ ವಿವರಗಳನ್ನೂ ಒಪ್ಪಿಸಬೇಕು. ಶಾಸನವನ್ನು ಪ್ರಕಟಿಸುವಾಗ ಅದರ ಶಿಲೆ, ಸ್ಥಳ, ಲಿಪಿಗಳನ್ನು ನಮೂದಿಸದೆ ಪಾಠವನ್ನಷ್ಟೇ ಕೊಟ್ಟರೆ ವಿದ್ವಾಂಸರು ಒಪ್ಪುವುದಿಲ್ಲ. ದತ್ತಸಂಚಯಕ್ಕೂ ಅದೇ ನ್ಯಾಯವು ಸಲ್ಲತಕ್ಕುದು.

ಮೂರನೆಯದಾಗಿ, ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದೊಂದು ಗ್ರಾಮವನ್ನು ಆರಿಸಿಕೊಂಡು, ಮೋಜಣಿಯ ಕಾಗದ, ಕೈಬರಹದ ಪಹಣಿ, ಗಣಕದ ಪಹಣಿ ಈ ಮೂರನ್ನೂ ವಿದ್ಯಾರ್ಥಿಗಳಿಂದ ತಾಳೆನೋಡಿಸಬಹುದು. ಇದಕ್ಕೆ ದೊಡ್ಡ ಸಲಕರಣೆಗಳು ಬೇಡ. ಗುಂಟೆಯ ಲೆಕ್ಕ, ಮೋಡಿ ಅಕ್ಷರಗಳ ಪರಿಚಯ, ಊರವರ ಮಾತನ್ನು ಕೇಳುವ ತಾಳ್ಮೆ ಇದ್ದರೆ ಸಾಕು. ಕಂಡುಬಂದ ಭೇದಗಳನ್ನು ಕಾರಣಸಹಿತವಾಗಿ ಪಟ್ಟಿಮಾಡಿದರೆ ಅದು ಭೂಹಿಡುವಳಿಯ ಇತಿಹಾಸಕ್ಕೆ ಆಧಾರವಾಗುವುದಲ್ಲದೆ, ಕಾರ್ಯಕ್ರಮಗಳನ್ನು ರಚಿಸುವವರಿಗೆ ಉತ್ತರ ಗೊತ್ತಿರುವ ಪ್ರಶ್ನಾವಳಿಯಾಗಿಯೂ ಒದಗುತ್ತದೆ. ಹೊಲದ ಹಕ್ಕು ಒಂದು ಸಾಲನ್ನು ಅವಲಂಬಿಸಿರುವ ರೈತನಿಗೆ ಇದರಿಂದ ಆಗುವ ಉಪಕಾರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಕಾರ್ಯವನ್ನು ಕೈಗೊಳ್ಳಲು ಅಲ್ಲಿಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದಾಗುವರೆಂದು ಆಶಿಸುತ್ತೇವೆ.